ಚೌತಿಯ ಭರತ, ವಾಯವ್ಯದ ಗಾಳಿ

ಹಾಯಿ ಪಂದ್ಯ ನೋಡಲು ಮೊದಲ ಸಲ ಹೋದವರಿಗೆ ತಲೆ ಕೆಡುವುದು ಫಲಿತಾಂಶದ ಹಾಳೆ ಕಂಡಾಗ. ಕಣ್ಣೆದುರೇ ಎಲ್ಲರಿಗಿಂತ ಮುಂಚೆ ಗುರಿ ದಾಟಿದವನ ಹೆಸರು ಐದನೆಯ ಸಾಲಿನಲ್ಲಿರುತ್ತದೆ. ಉಳಿದವರೆಲ್ಲ ಚಹಾ ಕುಡಿದು ಲೋಟ ಇಟ್ಟ ಮೇಲೆ ಬಂದು ಮುಟ್ಟಿದ ಹುಡುಗಿಯ ಹೆಸರು ಮೊದಲ ಸಾಲಿನಲ್ಲಿ. ಕೆಲವು ವರ್ಷಗಳ ಹಿಂದೆ ಗೋವಾದ ಕಡಲಬದಿಯಲ್ಲಿ ಇಂಥದೊಂದು ಸಣ್ಣ ಪಂದ್ಯ ನೋಡಿ, "ಇದೆಂತ ಅನ್ಯಾಯ ಮಾರಾಯ್ರೆ" ಎಂದು ಪಕ್ಕದವರ ಹತ್ತಿರ ಹೇಳಿ ನಗೆಪಾಟಲಾದವನು ನಾನು.

ಆ ಹುಡುಗಿಗೆ ಹನ್ನೊಂದೋ ಹನ್ನೆರಡೋ ವರ್ಷ. ಅವಳದು ಆಪ್ಟಿಮಿಸ್ಟ್ ದೋಣಿ. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ ಮಕ್ಕಳಿಗೆಂದು ರೂಪಿಸಿದ್ದು. ಉದ್ದ ಎರಡೂಕಾಲು ಮೀಟರಿಗೆ ತುಸು ಹೆಚ್ಚು, ಮೂತಿ ಮೊಂಡು. ನೋಡಿದರೆ ಕೊಟ್ಟಿಗೆಯ ಮರಿಗೆಗೆ ಹಾಯಿ ಕಟ್ಟಿದ ಹಾಗೆ. ಅಲೆ ಹೊಡೆದಾಗಲೆಲ್ಲ ಒಳಗೆ ನೀರು. ಬುಡ ಕತ್ತರಿಸಿದ ಪ್ಲಾಸ್ಟಿಕ್ ಕ್ಯಾನೊಂದನ್ನು ದಾರದಲ್ಲಿ ಕಟ್ಟಿಕೊಂಡಿದ್ದಳು. ಒಂದು ಕೈ ಚುಕ್ಕಾಣಿಯ ಹಿಡಿಯಲ್ಲಿ, ಇನ್ನೊಂದು ಕೈಯಲ್ಲಿ ನೀರು ಎತ್ತಿ ಚೆಲ್ಲುತ್ತ, ಹಾಯಿಯ ಹಗ್ಗವನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂತಿದ್ದಳು. ಕಣ್ಣು ಮಾತ್ರ ದೋಣಿಯ ಮೇಲಿರಲಿಲ್ಲ, ನೂರು ಮಾರು ಮುಂದಿನ ನೀರಿನ ಮೇಲಿತ್ತು.

ಅವಳು ಗೆದ್ದ ಲೆಕ್ಕ ಸುಲಭದ್ದು. ಬ್ರಿಟನ್ನಿನ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಎಂಬ ಪಟ್ಟಿಯಲ್ಲಿ ಒಂದೊಂದು ಜಾತಿಯ ದೋಣಿಗೂ ಒಂದೊಂದು ಅಂಕಿ ಇರುತ್ತದೆ. ನಿಧಾನದ ದೋಣಿಗೆ ದೊಡ್ಡ ಅಂಕಿ, ಚುರುಕಿನದಕ್ಕೆ ಸಣ್ಣದು. ತೆಗೆದುಕೊಂಡ ಹೊತ್ತನ್ನು ಸಾವಿರದಿಂದ ಗುಣಿಸಿ ಆ ಅಂಕಿಯಿಂದ ಭಾಗಿಸಬೇಕು. ಆಪ್ಟಿಮಿಸ್ಟಿಗೆ 1640, ದೊಡ್ಡವರ ಲೇಸರ್ ದೋಣಿಗೆ 1100 ಎಂದು ಇಟ್ಟುಕೊಳ್ಳಿ (ಹೆಚ್ಚುಕಡಿಮೆ ಅಷ್ಟೇ ಇರುತ್ತದೆ). ಲೇಸರ್ 41 ನಿಮಿಷಕ್ಕೆ ಬಂದರೆ ಅದರ ಲೆಕ್ಕದ ಹೊತ್ತು 37 ನಿಮಿಷ 16 ಸೆಕೆಂಡು. ಹುಡುಗಿ ಒಂದು ಗಂಟೆ ತಿಂದರೂ ಅವಳದು 36 ನಿಮಿಷ 35 ಸೆಕೆಂಡು. ಅಲ್ಲಿಗೆ ಅವಳೇ ಮುಂದೆ. ಕಂಬಳದಲ್ಲಿ ಹಗ್ಗದ ಜೋಡಿಯೆದುರು ನೇಗಿಲಿನ ಜೋಡಿಯನ್ನು ಯಾರೂ ಬಿಡುವುದಿಲ್ಲ. ಇಲ್ಲಿ ಬಿಡುತ್ತಾರೆ, ಬಿಟ್ಟು ಗಡಿಯಾರವನ್ನು ನ್ಯಾಯಕ್ಕೆ ಕೂರಿಸುತ್ತಾರೆ.

ಈ ನ್ಯಾಯ ತಪ್ಪುವುದು ವಿಂಡ್‌ಸರ್ಫ್ ಹಲಗೆಗಳ ವಿಷಯದಲ್ಲಿ. 1968ರಲ್ಲಿ ಕ್ಯಾಲಿಫೋರ್ನಿಯಾದ ಹೋಯ್ಲ್ ಶ್ವೈಟ್ಜರ್ ಮತ್ತು ಜಿಮ್ ಡ್ರೇಕ್ ಪೇಟೆಂಟಿಗೆ ಅರ್ಜಿ ಹಾಕಿದ ಈ ಸಾಧನದಲ್ಲಿ ಚುಕ್ಕಾಣಿಯೇ ಇಲ್ಲ. ಕೂವೆಮರದ ಬುಡದಲ್ಲಿ ಎಲ್ಲ ದಿಕ್ಕಿಗೂ ಬಾಗುವ ಒಂದು ಕೀಲು ಇದೆ. ಮರ ನೆಟ್ಟಗೆ ನಿಂತಿರುವುದು ಆಳಿನ ತೋಳಿನ ಬಲದಲ್ಲಿ. ಹಾಯಿಯನ್ನು ಮುಂದಕ್ಕೆ ಬಾಗಿಸಿದರೆ ಹಲಗೆ ಗಾಳಿಗೆ ಬೆನ್ನು ಮಾಡುತ್ತದೆ, ಹಿಂದಕ್ಕೆಳೆದರೆ ಗಾಳಿಗೆ ಮುಖ ಕೊಡುತ್ತದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಿಂದ ಇದೂ ಪದಕದ ಆಟ. ಗಾಳಿ ಮಂದವಾಗಿದ್ದಾಗ ಹಲಗೆಯ ಪಾಡು ನೋಡಬಾರದು. ಆಳು ಹಾಯಿಯನ್ನು ಬೀಸಣಿಗೆಯ ಹಾಗೆ ಎಳೆದೆಳೆದು ಬೆವರುತ್ತಿರುತ್ತಾನೆ. ದೋಣಿಯವರು ಹಾಗೆ ಬೀಸಿಕೊಂಡು ಹೋಗುವಂತಿಲ್ಲ, ಹಲಗೆಯವರಿಗೆ ನಿಯಮದಲ್ಲೇ ಅನುಮತಿ ಇದೆ. ಬೀಸಿದರೂ ದೋಣಿಯೇ ಮುಂದೆ. ಗಾಳಿ ಹತ್ತು ಹನ್ನೆರಡು ನಾಟ್ ದಾಟಲಿ, ಅಂದರೆ ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಆಗ ಹಲಗೆ ನೀರು ಸೀಳುವುದನ್ನು ಬಿಟ್ಟು ನೀರಿನ ಮೇಲೆ ಜಾರತೊಡಗುತ್ತದೆ. ಆಮೇಲೆ ಅದನ್ನು ಹಿಡಿಯುವ ದೋಣಿ ಇಲ್ಲ. ಎರಡು ಗಂಟೆಗೆ ಕೊನೆಯಲ್ಲಿದ್ದವನು ಮೂರಕ್ಕೆ ಮೊದಲಲ್ಲಿ. ಇಂಥದಕ್ಕೆ ಯಾವ ಒಂದು ಅಂಕಿ ಬರೆಯುತ್ತೀರಿ?

ಆದ್ದರಿಂದ ತಿಳಿದವರು ಹಲಗೆಗಳನ್ನು ಐದು ನಿಮಿಷ ಬೇರೆಯಾಗಿ ಬಿಟ್ಟು, ಅವುಗಳ ಪಟ್ಟಿಯನ್ನೂ ಬೇರೆ ಬರೆಯುತ್ತಾರೆ. ನೀರು ಒಂದೇ, ಸುತ್ತುವ ಬೋಯಾಗಳೂ ಅವೇ. ಹಾಗಾದರೆ ಬೆರೆಸುವುದೇಕೆ ಎಂದು ಕೇಳಬಹುದು. ನನಗೆ ರುಚಿ ಇರುವುದು ಅಲ್ಲೇ. ಗಾಳಿಗೆ ಎದುರಾಗಿ ಯಾವ ಹಾಯಿಯೂ ನೆಟ್ಟಗೆ ಹೋಗಲಾರದು, ಓರೆಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತ ಏರಬೇಕು. ದೋಣಿ ಏರುವ ಓರೆ ಬೇರೆ, ಹಲಗೆಯ ಓರೆ ಬೇರೆ. ನಡುನೀರಿನಲ್ಲಿ ಅವು ಒಂದನ್ನೊಂದು ಕತ್ತರಿಸುತ್ತವೆ. ಬಲಗಡೆಯಿಂದ ಗಾಳಿ ಪಡೆದವನಿಗೆ ದಾರಿ ಬಿಡಬೇಕು ಎಂಬುದು ನಿಯಮ. ಎದುರಿನ ದೋಣಿ ಎತ್ತಿನ ಗಾಡಿಯ ವೇಗದಲ್ಲಿ ಬರುತ್ತಿದೆಯೋ, ಹಲಗೆ ಮೋಟಾರ್‌ಸೈಕಲ್ಲಿನ ವೇಗದಲ್ಲಿ ಬರುತ್ತಿದೆಯೋ ಎಂದು ಕ್ಷಣದಲ್ಲಿ ಅಳೆದು ಹಗ್ಗ ಸಡಿಲಿಸಬೇಕು. ಒಂದೇ ಜಾತಿಯ ದೋಣಿಗಳ ಪಂದ್ಯದಲ್ಲಿ ಪಕ್ಕದವನನ್ನು ನೋಡಿ ನಕಲು ಹೊಡೆಯಬಹುದು. ಇಲ್ಲಿ ನಕಲು ನಡೆಯುವುದಿಲ್ಲ, ಗಾಳಿಯನ್ನೇ ಓದಬೇಕು.

ಗಾಳಿ ಓದುವ ವಿದ್ಯೆ ನಮ್ಮಲ್ಲಿ ಇತ್ತು. ಭಟ್ಕಳ ಬಂದರಿನ ಬದಿಯಲ್ಲಿ ನನಗೆ ಪರಿಚಯದ ಹಿರಿಯ ತಂಡೇಲರೊಬ್ಬರಿದ್ದಾರೆ. ಹರೆಯದಲ್ಲಿ ಹೆಂಚು ಹೇರಿದ ಮಂಜಿಯಲ್ಲಿ ಹಾಯಿ ಬಿಚ್ಚಿಕೊಂಡು ಮುಂಬೈಗೆ ಹೋಗಿ ಬಂದವರು. ಅವರಿಗೆ ಫೋನಿನಲ್ಲಿ ಗೋವಾದ ಪಂದ್ಯ ತೋರಿಸಿದೆ. ದೋಣಿಗಳ ಅಂದ ಅವರ ಕಣ್ಣಿಗೆ ಬೀಳಲೇ ಇಲ್ಲ. "ನೀರಿನ ಕಪ್ಪು ನೋಡು ತಮಾ. ಗಾಳಿ ಆ ಬದಿಗೆ ಇಳಿದದೆ. ಈ ಕೆಂಪು ಹಾಯಿಯವ ಎಂತಕ್ಕೆ ಇತ್ಲಾಗೆ ಬಂದ?" ಎಂದರು. ಎರಡು ನಿಮಿಷ ಕಳೆಯುವುದರೊಳಗೆ ಕೆಂಪು ಹಾಯಿ ನಾಲ್ಕು ಸ್ಥಾನ ಹಿಂದೆ ಬಿತ್ತು. ಅವರ ಮೊಮ್ಮಕ್ಕಳಿಗೆ ಜಿಪಿಎಸ್ ಬರುತ್ತದೆ, ಇಂಜಿನ್ ಬಿಚ್ಚಿ ಜೋಡಿಸಲು ಬರುತ್ತದೆ. ನೀರಿನ ಕಪ್ಪು ಕಾಣುವುದಿಲ್ಲ. ಕಾಣಬೇಕಾದ ಅಗತ್ಯವೂ ಅವರಿಗೆ ಬಿದ್ದಿಲ್ಲ, ಬಿಡಿ.

ಈಗ ನಾಡಿನ ಸಂಗತಿ. ಕರ್ನಾಟಕದಲ್ಲಿ ಹಾಯಿ ದೋಣಿಯ ಕ್ರೀಡೆ ಬೆಳೆದದ್ದು ಕಡಲಿನಲ್ಲಿ ಅಲ್ಲ, ಕೆರೆಯಲ್ಲಿ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನವರ ತ್ರಿಷ್ಣಾ ಸೇಲಿಂಗ್ ಕ್ಲಬ್ ಇದೆ. 1985ರಿಂದ 87ರವರೆಗೆ ಭೂಮಿ ಸುತ್ತಿ ಬಂದ ಸೇನಾ ಎಂಜಿನಿಯರುಗಳ ನೌಕೆಯ ಹೆಸರೂ ತ್ರಿಷ್ಣಾ. ಮೈಸೂರಿನವರು ಕನ್ನಂಬಾಡಿಯ ಹಿನ್ನೀರಿನಲ್ಲಿ ಹಾಯಿ ಬಿಚ್ಚುತ್ತಾರೆ. ಟೋಕಿಯೋ ಒಲಿಂಪಿಕ್ಸಿನಲ್ಲಿ ಇಬ್ಬರ 49ಇಆರ್ ದೋಣಿ ನಡೆಸಿದ ಕೇಳಪಂಡ ಚೆಂಗಪ್ಪ ಗಣಪತಿ ಹೆಸರಿನಿಂದ ಅಪ್ಪಟ ಕೊಡವರು, ಪಳಗಿದ್ದು ಚೆನ್ನೈನ ಕಡಲಲ್ಲಿ. ಅವರೂ ವರುಣ್ ಠಕ್ಕರ್ ಅವರೂ 2018ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ಕಂಚು ತಂದರು. ಅದೇ ಕೂಟದಲ್ಲಿ ವರ್ಷಾ ಗೌತಮ್ ಜೊತೆ ಬೆಳ್ಳಿ ಗೆದ್ದವರು ಶ್ವೇತಾ ಶೇರ್ವೆಗಾರ್. ಆ ಅಡ್ಡಹೆಸರು ಕುಂದಾಪುರದ ಕಡೆಯವರಿಗೆ ಹೊಸತಲ್ಲ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಭಾರತಕ್ಕೆ ಹಾಯಿಯಿಂದ ಬಂದ ಪದಕ ಮೂರು: ನೇಹಾ ಠಾಕೂರ್ ಮತ್ತು ವಿಷ್ಣು ಸರವಣನ್ ಅವರದು ದೋಣಿ, ಈಬಾದ್ ಅಲಿಯವರದು ಹಲಗೆ. ನೇಹಾ ಮಧ್ಯಪ್ರದೇಶದವರು. ಕಡಲೇ ಇಲ್ಲದ ರಾಜ್ಯದ ಹುಡುಗಿ ಬೆಳ್ಳಿ ತಂದಳು, ಇಷ್ಟುದ್ದ ಕಡಲಿರುವ ಉತ್ತರ ಕನ್ನಡದಲ್ಲಿ ನಾನು ಕಂಡಂತೆ ಮಕ್ಕಳಿಗೊಂದು ಆಪ್ಟಿಮಿಸ್ಟ್ ಪಂದ್ಯ ಇಲ್ಲ. ನಮ್ಮಲ್ಲಿ ದೋಣಿ ಸ್ಪರ್ಧೆ ಎಂದರೆ ಹುಟ್ಟು ಹಾಕುವುದೇ. ಅದೂ ಚಂದ, ಆದರೆ ಅದು ರಟ್ಟೆಯ ಆಟ.

ಗಾಳಿಯಂತೂ ಇಲ್ಲಿ ಹೇಳಿ ಕಳಿಸಿದ ಹಾಗೆ ಬರುತ್ತದೆ. ನಮ್ಮೂರು ಬೆಳಕೆಯ ಅಂಗಳದಲ್ಲಿ ಹಪ್ಪಳ ಒಣಹಾಕುವವರಿಗೆ ಇದು ಗೊತ್ತು. ಫೆಬ್ರುವರಿ, ಮಾರ್ಚಿನಲ್ಲಿ ಬೆಳಗ್ಗೆ ಘಟ್ಟದ ಕಡೆಯಿಂದ ತಣ್ಣನೆಯ ಮೂಡಗಾಳಿ. ಹತ್ತರ ಮೇಲೆ ಎಲೆ ಅಲುಗುವುದಿಲ್ಲ. ನೆಲ ಕಾದು ಮೇಲಿನ ಗಾಳಿ ಎದ್ದಿತೋ, ಹನ್ನೆರಡರ ಸುಮಾರಿಗೆ ತೆಂಗಿನ ಗರಿ ಒಮ್ಮೆಲೇ ತಿರುಗುತ್ತದೆ, ಹಪ್ಪಳದ ಮೇಲೆ ಕಲ್ಲು ಇಡಬೇಕಾಗುತ್ತದೆ. ವಾಯವ್ಯದಿಂದ ಬೀಸತೊಡಗಿದ ಆ ಕಡಲಗಾಳಿ ಮೂರು ಗಂಟೆಗೆ ಹದಕ್ಕೆ ಬರುತ್ತದೆ. ದೋಣಿಗೂ ಸೈ, ಹಲಗೆಗೂ ಸೈ.

ದೋಣಿ, ಹಲಗೆ ಬೆರೆತ ಇಂಥ ಪಂದ್ಯವೊಂದು ನಮ್ಮಲ್ಲೂ ನಡೆಯಲಿ ಎಂಬುದು ನನ್ನ ಆಸೆ. ಜಾಗದ ವಿಷಯದಲ್ಲಿ ಮಾತ್ರ ನನಗೆ ಹಟವಿದೆ. ಭಟ್ಕಳದ ಬಂದರು ಮೀನುದೋಣಿಗಳಿಂದ ತುಂಬಿರುತ್ತದೆ, ಅಲ್ಲಿ ಬೇಡ. ಹೊನ್ನಾವರದ ಶರಾವತಿ ವಿಶಾಲ, ರೈಲು ಸೇತುವೆಯೇ ಎರಡು ಕಿಲೋಮೀಟರ್ ಮೀರಿದೆ. ಆದರೆ ಸೇತುವೆಯ ಕಂಬಗಳ ನಡುವೆ ಕಲಿಯುವ ಮಕ್ಕಳನ್ನು ಬಿಡಲಾಗದು, ಅಳಿವೆಯ ಮರಳದಿಬ್ಬವಂತೂ ಮೀನುಗಾರರನ್ನೇ ಹೆದರಿಸುತ್ತದೆ. ಕುಮಟಾದ ಅಘನಾಶಿನಿಯೇ ಸರಿ. 2024ರ ಜನವರಿಯಲ್ಲಿ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಳಿವೆ ಅದು. ಹೊಗೆಯಿಲ್ಲದ, ಸದ್ದಿಲ್ಲದ ಹಾಯಿಗಿಂತ ಅದಕ್ಕೆ ಒಪ್ಪುವ ಆಟ ಯಾವುದಿದೆ?

ಮೊದಲ ತೊಡಕು, ಬಳಚು ಚಿಪ್ಪಿ. ಇಳಿತದಲ್ಲಿ ಅಘನಾಶಿನಿಯ ದಿಬ್ಬಗಳ ಮೇಲೆ ಸೊಂಟದವರೆಗೆ ನೀರಿನಲ್ಲಿ ನಿಂತು ಹೆಂಗಸರು, ಗಂಡಸರು ಬಳಚು ಹೆಕ್ಕುತ್ತಾರೆ. ಅವರ ಅನ್ನದ ಮೇಲೆ ದೋಣಿ ಹಾಯಿಸುವ ಪಂದ್ಯ ಯಾರಿಗೂ ಬೇಡ. ದೋಣಿಗಳಿಗೂ ಅಡಿಹಲಗೆ ಮರಳಿಗೆ ತಾಗದಷ್ಟು ಆಳ ಬೇಕು. ಇನ್ನೊಂದು, ಇಳಿತದ ಸೆಳೆತ ಪಡುವಣಕ್ಕೆ, ಗಾಳಿ ಅದಕ್ಕೆ ಇದಿರು. ಎರಡೂ ಗುದ್ದಾಡಿದಲ್ಲಿ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ, ಮಕ್ಕಳ ದೋಣಿ ತುಂಬುತ್ತದೆ. ಹಾಗಾಗಿ ಪಂದ್ಯ ನಡೆಯಬೇಕಾದದ್ದು ಭರತದಲ್ಲಿ. ನಮ್ಮ ಕಡೆ ಹುಣ್ಣಿಮೆ, ಅಮಾಸೆಗೆ ಭರತ ತುಂಬುವುದು ಮಧ್ಯಾಹ್ನದ ಒಳಗೆ, ಗಾಳಿ ಇನ್ನೂ ಏಳದ ಹೊತ್ತು. ದಿನಕ್ಕೆ ಮುಕ್ಕಾಲು ಗಂಟೆಯ ಮೇಲೆ ಅದು ತಡವಾಗುತ್ತ ಹೋಗಿ, ಚೌತಿ ಪಂಚಮಿಯ ಹೊತ್ತಿಗೆ ಎರಡೂವರೆ ಮೂರು ಗಂಟೆಗೆ ಬಂದು ನಿಲ್ಲುತ್ತದೆ. ಸೆಳೆತವೂ ಆಗ ಹುಣ್ಣಿಮೆಯಷ್ಟು ಬಿರುಸಿರುವುದಿಲ್ಲ. ಗಾಳಿ ಹದಕ್ಕೆ ಬಂದಾಗಲೇ ನೀರು ತುಂಬಿರುತ್ತದೆ, ಬಳಚು ಹೆಕ್ಕುವವರು ಮನೆಯಲ್ಲಿರುತ್ತಾರೆ.

ಬೇಕಾದದ್ದು ಮೂರು ಬೋಯಾ, ಎರಡು ಬಾವುಟ, ಒಂದು ಗಡಿಯಾರ, ಕಾವಲಿಗೆ ಇಂಜಿನ್ ಇರುವ ಎರಡು ಮೀನುದೋಣಿ, ಎಲ್ಲರ ಮೈಮೇಲೆ ಲೈಫ್ ಜಾಕೆಟ್. ಲೇಸರ್, ಆಪ್ಟಿಮಿಸ್ಟುಗಳನ್ನು ಗೋವಾದಿಂದ ಲಾರಿಯಲ್ಲಿ ತರಬಹುದು, ಹಲಗೆಯವರು ತಮ್ಮದನ್ನು ಜೀಪಿನ ಮೇಲೆ ಕಟ್ಟಿಕೊಂಡೇ ಬರುತ್ತಾರೆ. ಹಾಯಿ ಕಟ್ಟಿದ ಪಾತಿದೋಣಿಯೊಂದು ಸೇರಿಕೊಂಡರೆ ಅದಕ್ಕೂ ಒಂದು ಅಂಕಿ ಹಾಕೋಣ. ಎಸ್ಸೆಸ್ಸೆಲ್ಸಿಯ ಮಕ್ಕಳಿಗೆ ಮಾರ್ಚಿನಲ್ಲಿ ಬಿಡುವಿಲ್ಲ, ಫೆಬ್ರುವರಿಯೇ ಆಗಲಿ. ಕುಮಟಾದ ಯುವಕ ಸಂಘದವರು ಯಾರಾದರೂ ಮನಸ್ಸು ಮಾಡಿದರೆ ತಿಳಿಸಿ: ಹೊತ್ತು ಬರೆದುಕೊಳ್ಳಲು ನಾನು ಬರುತ್ತೇನೆ, ತಂಡೇಲರನ್ನು ಕರೆತರುವುದೂ ನನ್ನ ಪಾಲಿಗಿರಲಿ.