ಪದಕೋಶದ ಅಂಚಿನಲ್ಲಿ ಯಿಡ್ಡಿಷ್: ಝಾಂಗ್‌ವಿಲ್‌ನ ಘೆಟ್ಟೊ ಕಾದಂಬರಿಯ ಮರುಓದು

ಇಸ್ರೇಲ್ ಝಾಂಗ್‌ವಿಲ್‌ನ ‘ಚಿಲ್ಡ್ರನ್ ಆಫ್ ದಿ ಘೆಟ್ಟೊ’ (1892) ಲಂಡನ್ನಿನ ಈಸ್ಟ್ ಎಂಡ್‌ನಲ್ಲಿ ನೆಲೆಸಿದ ಯೆಹೂದಿ ವಲಸಿಗರನ್ನು ಕುರಿತ ಇಂಗ್ಲಿಷ್ ಕಾದಂಬರಿ. ವಲಸಿಗರ ಬಗೆಗೆ ಆ ನಗರದಲ್ಲಿ ಬೆಳೆಯುತ್ತಿದ್ದ ಅಸಹನೆಗೆ ಸಹಾನುಭೂತಿಯ ಉತ್ತರವೆಂದು ಇದನ್ನು ಓದಬಹುದು. ಆ ಓದು ತಪ್ಪಲ್ಲ, ಆದರೆ ಅಪೂರ್ಣ. ಹೊರಗಿನವರ ತಾತ್ಸಾರವು ಸಮುದಾಯದ ಒಳಗೆ ನಾಚಿಕೆಯಾಗಿ ಮಾರ್ಪಡುವುದು ಹೇಗೆ, ಆ ನಾಚಿಕೆ ಭಾಷೆಯ ಮೇಲೆ ಎರಗುವುದೇಕೆ ಎಂಬುದು ಕೃತಿಯ ಆಳದ ಪ್ರಶ್ನೆ.

1881ರಲ್ಲಿ ಝಾರ್ ಎರಡನೆಯ ಅಲೆಕ್ಸಾಂಡರನ ಹತ್ಯೆಯಾದ ಬಳಿಕ ರಷ್ಯಾ ಸಾಮ್ರಾಜ್ಯದಲ್ಲಿ ಯೆಹೂದಿಗಳ ಮೇಲೆ ದಾಳಿಗಳು ನಡೆದವು. ದಾಳಿಯ ಭಯ, ಕಾನೂನಿನ ನಿರ್ಬಂಧ, ಬಡತನ ಇವೆಲ್ಲವೂ ಸೇರಿ ಲಕ್ಷಕ್ಕೂ ಮಿಕ್ಕ ಜನರನ್ನು ಮೊದಲ ಮಹಾಯುದ್ಧದೊಳಗೆ ಬ್ರಿಟನ್ನಿಗೆ ತಂದವು. ಮನೆಬಾಡಿಗೆಯ ಏರಿಕೆ, ಕೂಲಿಯ ಇಳಿಕೆ, ರೋಗ, ಕೊಳಕು ಎಲ್ಲಕ್ಕೂ ಅವರೇ ಕಾರಣವೆಂಬ ಮಾತು ಹಬ್ಬಿತು. 1901ರಲ್ಲಿ ಬ್ರಿಟಿಷ್ ಬ್ರದರ್ಸ್ ಲೀಗ್ ಹುಟ್ಟಿಕೊಂಡಿತು. ರಾಜ ಆಯೋಗವು 1903ರ ವರದಿಯಲ್ಲಿ ಈ ಆರೋಪಗಳಲ್ಲಿ ಹಲವನ್ನು ಒಪ್ಪಲಿಲ್ಲ; ಆದರೂ ನಿರ್ಬಂಧವನ್ನು ಶಿಫಾರಸು ಮಾಡಿತು. 1905ರ ಏಲಿಯನ್ಸ್ ಕಾಯಿದೆಯಲ್ಲಿ ‘ಯೆಹೂದಿ’ ಎಂಬ ಪದವೇ ಇಲ್ಲ. ‘ಅನಪೇಕ್ಷಿತ ವಲಸಿಗ’ ಎಂಬ ಪರಿಭಾಷೆ ಆ ಕೆಲಸವನ್ನು ಸದ್ದಿಲ್ಲದೆ ಮಾಡಿತು.

ಕಾಯಿದೆಗೆ ಹದಿಮೂರು ವರ್ಷ ಮೊದಲೇ ಬಂದ ಕಾದಂಬರಿ ಈ ನೋಟವನ್ನು ಸಮುದಾಯದ ಒಳಗೇ ಗುರುತಿಸುತ್ತದೆ. ಆರಂಭದ ಗಂಜಿಕೇಂದ್ರದ ಪ್ರಸಂಗದಲ್ಲಿ ಹಸಿದವರು ಕಾಯುತ್ತಿರುವಾಗ ದಾನಿಗಳು ಭಾಷಣದಲ್ಲಿ ಮಗ್ನರು. ಬಾಲೆ ಎಸ್ತರ್ ಹೊತ್ತು ತಂದ ಸೂಪಿನ ಪಾತ್ರೆ ಒಡೆಯುತ್ತದೆ. ಎರಡನೆಯ ಭಾಗದಲ್ಲಿ ಬೆಳೆದ ಎಸ್ತರ್ ಗುಪ್ತನಾಮದಲ್ಲಿ ಸಮುದಾಯವನ್ನು ವಿಮರ್ಶಿಸುವ ಕಾದಂಬರಿ ಬರೆದಿದ್ದಾಳೆ. ಲೇಖಕಿ ಎದುರಿಗೇ ಇರುವುದನ್ನರಿಯದ ಸಿರಿವಂತ ಯೆಹೂದಿಗಳು ಔತಣದ ಮೇಜಿನಲ್ಲಿ ಆ ಕೃತಿಯನ್ನು ಹಳಿಯುತ್ತಾರೆ. ಹೊರಗಿನವರು ಏನೆಂದುಕೊಂಡಾರು ಎಂಬ ಅಳುಕು ಅವರ ರೋಷದ ಬೆನ್ನಿಗಿದೆ.

ಈ ಅಳುಕಿಗೆ ಸಂಸ್ಥೆಗಳ ಬೆಂಬಲವೂ ಇತ್ತು. ಝಾಂಗ್‌ವಿಲ್ ಓದಿ, ಬಳಿಕ ಕಲಿಸಿದ ಜ್ಯೂಸ್ ಫ್ರೀ ಸ್ಕೂಲ್ ವಲಸಿಗರ ಮಕ್ಕಳನ್ನು ಇಂಗ್ಲಿಷರನ್ನಾಗಿಸುವ ಗುರಿ ಹೊಂದಿತ್ತು. ಯಿಡ್ಡಿಷ್ ಅಲ್ಲಿ ಬಿಡಿಸಬೇಕಾದ ಅಭ್ಯಾಸವಾಗಿತ್ತು.

ಹೀಗಿರುವಾಗ ಕಾದಂಬರಿಯ ಪದಕೋಶ ಗಮನಾರ್ಹ. ಯಿಡ್ಡಿಷ್ ಪದಗಳ ಅರ್ಥಸೂಚಿಯನ್ನು ಓದುಗರ ಕೋರಿಕೆಯ ಮೇರೆಗೆ ಮನಸ್ಸಿಲ್ಲದೆ ಸೇರಿಸಿದ್ದಾಗಿ ಝಾಂಗ್‌ವಿಲ್ ಮೂರನೆಯ ಆವೃತ್ತಿಯ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಆ ಹಿಂಜರಿಕೆಯಲ್ಲಿ ಒಂದು ನಿಲುವನ್ನು ಕಾಣಬಹುದು: ಆತಿಥೇಯ ಸಮಾಜಕ್ಕೆ ಪೂರ್ತಿ ಅರ್ಥವಾದ ಮೇಲೆಯೇ ವಲಸಿಗನ ಬದುಕಿಗೆ ಮಾನ್ಯತೆ ಎಂಬ ಷರತ್ತನ್ನು ಅದು ಸುಲಭವಾಗಿ ಒಪ್ಪುವುದಿಲ್ಲ.

ಆದರೆ ನಿರೂಪಕನ ಇಂಗ್ಲಿಷ್ ಪೂರ್ತಿ ನಿರ್ದೋಷಿಯಲ್ಲ. ಯಿಡ್ಡಿಷ್ ಆಡುವ ಪಾತ್ರಗಳು ಪದೇ ಪದೇ ನಗೆಗೆ ಈಡಾಗುತ್ತವೆ; ಒಳಗಿನವನ ಪ್ರೀತಿಗೆ ಹೊರಗಿನವನ ಕುತೂಹಲವೂ ಬೆರೆತಿದೆ. ಈ ಇಬ್ಬಂದಿತನವನ್ನು ದೋಷವೆಂದು ಬದಿಗಿಡುವುದು ಸಲ್ಲದು. ವಲಸಿಗರ ಪರವಾದ ಬರಹವೂ ಬಹುಸಂಖ್ಯಾತರ ಭಾಷೆಯಲ್ಲೇ ವಾದ ಹೂಡಬೇಕಾದಾಗ ತೆರುವ ಬೆಲೆ ಅದು. ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನಕ್ಕೆ ಕಾಯಿದೆಯ ಕಲಮುಗಳಷ್ಟೇ ಈ ಅರೆಮನಸ್ಸಿನ ಪದಕೋಶವೂ ದಾಖಲೆಯಾಗಬೇಕು.