ತಾರಿ ದಾಟದ ಮೆಚ್ಚುಗೆ

ಕುಮಟಾದಿಂದ ಗೋಕರ್ಣದವರೆಗಿನ ಕಡಲಂಚಿನ ಚಾರಣದ ಬಗ್ಗೆ ಬರೆದವರಲ್ಲಿ ಹೊಗಳದವರಿಲ್ಲ. ಮಳೆಗಾಲ ಮುಗಿದದ್ದೇ ತಡ, ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟ ಬಸ್ಸುಗಳು ಜನರನ್ನು ತಂದು ಇಲ್ಲಿ ಇಳಿಸುತ್ತವೆ, ಭಾನುವಾರ ರಾತ್ರಿ ಮರಳಿ ಒಯ್ಯುತ್ತವೆ. ದಾರಿ ಈ ಹೆಸರಿಗೆ ಅರ್ಹವೇ. ಆದರೆ ಹೊಗಳಿಕೆ ಬಿದ್ದಿರುವ ಜಾಗ ತಪ್ಪು. ಬರೆದವರ ಕಣ್ಣೆಲ್ಲ ಬೇಲೆಕಾನದ ಆಚೆಗಿನ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಎಂಬ ನಾಲ್ಕು ಬೀಚುಗಳ ಮೇಲೆ. ಈ ದಾರಿಯ ಸತ್ವ ಇರುವುದು ಅದಕ್ಕೂ ಮೊದಲು, ಕಾಗಾಲದ ಮರಳು ಮುಗಿದಲ್ಲಿ ಗುಡ್ಡ ಹತ್ತಿ, ಅಘನಾಶಿನಿ ಊರಿಗೆ ಇಳಿದು, ದೋಣಿಯಲ್ಲಿ ನದಿಯ ತಾರಿ ದಾಟಿ ತದಡಿ ಸೇರುವ ನಡುಭಾಗದಲ್ಲಿ. ಅದನ್ನು ಯಾರೂ ನಿಂತು ಓದಿಲ್ಲ.

ಆ ಬೀಚುಗಳಿರುವ ಉತ್ತರದ ತುದಿಗೆ ಸಲ್ಲಬೇಕಾದ್ದನ್ನು ಮೊದಲು ಸಲ್ಲಿಸುತ್ತೇನೆ. ಹಾಫ್ ಮೂನಿನಿಂದ ಓಂ ಕಡೆಗೆ ಬರುವ ಕಾಲುಹಾದಿ ನಿಜಕ್ಕೂ ಚೆಲುವಾದದ್ದು. ಒಂದು ಪಕ್ಕ ಇಳಿಜಾರು, ಕೆಳಗೆ ಬಂಡೆಗೆ ಬಡಿಯುವ ನೀರು. ಹೆಜ್ಜೆ ಇಡುವ ಮುನ್ನ ನೆಲ ನೋಡಲೇಬೇಕು. ಅಲ್ಲಿ ನಡಿಗೆಗೆ ಬೆಲೆಯಿದೆ. ಆದರೆ ಓಂ ಬೀಚಿನ ಖ್ಯಾತಿಗೂ ನಡಿಗೆಗೂ ಸಂಬಂಧವಿಲ್ಲ. ಅದರ ಹೆಸರಿಗೆ ಕಾರಣವಾದ ಆಕಾರ ಕಾಣುವುದು ಗುಡ್ಡದ ಮೇಲೆ ನಿಂತಾಗ, ಅಲ್ಲಿಗೆ ವಾಹನವೂ ಬರುತ್ತದೆ. ಮರಳಿಗೆ ಇಳಿದವರ ಮುಂದೆ ಇರುವುದು ಅಕ್ಕಪಕ್ಕದ ಎರಡು ಚಿಕ್ಕ ಕೊಲ್ಲಿಗಳು ಮಾತ್ರ. ಇನ್ನು ನಾಲ್ಕೂ ಬೀಚುಗಳ ನಡುವಿನ ದಾರಿಯ ರಚನೆ ಒಂದೇ: ಏರು, ನೋಟ, ಇಳಿ, ಮರಳು. ಮೊದಲ ಸಲ ಅದು ಮೈ ಜುಮ್ಮೆನ್ನಿಸುತ್ತದೆ. ಮೂರನೆಯ ಸಲಕ್ಕೆ ದಾರಿ ಹೊಸದೇನನ್ನೂ ಹೇಳುತ್ತಿರುವುದಿಲ್ಲ, ಹೇಳಿದ್ದನ್ನೇ ಹೇಳುತ್ತಿರುತ್ತದೆ.

ನಡುಭಾಗ ಹಾಗಲ್ಲ. ವನ್ನಳ್ಳಿ, ಬಾಡ, ಕಾಗಾಲ ಎಂದು ಕಡಲನ್ನು ಎಡಕ್ಕಿಟ್ಟುಕೊಂಡೇ ಬಂದವರು ಇಲ್ಲಿ ಗುಡ್ಡ ಹತ್ತುತ್ತಾರೆ. ಮೇಲೆ ಚಿರೇಕಲ್ಲಿನ ಹಾಸು, ಅಲ್ಲಲ್ಲಿ ಗೇರು, ಅಕೇಶಿಯಾ, ಮುಳ್ಳುಕಂಟಿ. ಮಣ್ಣು ತೆಳು, ನೆರಳು ಕಡಿಮೆ. ಬೀಚನ್ನೇ ಎಣಿಸುತ್ತ ಬಂದವರು ಇದನ್ನು ಬರಡು ಎಂದು ದಾಟಿಹೋಗುತ್ತಾರೆ. ಇಂಥ ಹಾಸುಗಲ್ಲಿನ ಜೀವನ ಮಳೆಯ ಲೆಕ್ಕದಲ್ಲಿ ನಡೆಯುವಂಥದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಲ್ಲಿನ ಕುಳಿಗಳಲ್ಲಿ ನೀರು ನಿಂತಾಗ ಹುಲ್ಲಿನ ನಡುವೆ ಬೆರಳುದ್ದದ ಹೂಗಿಡಗಳು ಏಳುತ್ತವೆ. ಅವುಗಳಲ್ಲಿ ಕೆಲವು ಕೀಟ ಹಿಡಿದು ತಿನ್ನುವಂಥವು, ಏಕೆಂದರೆ ಈ ತೆಳು ಮಣ್ಣಿನಲ್ಲಿ ಸಾರವಿಲ್ಲ. ಮಳೆ ಹೋದ ಕೆಲವೇ ವಾರಗಳಲ್ಲಿ ಎಲ್ಲ ಒಣಗಿ ಬೀಜವಾಗುತ್ತದೆ. ಡಿಸೆಂಬರಿನಲ್ಲಿ ಬಂದವರು ಹಳದಿ ಹುಲ್ಲು ನೋಡಿ ತೀರ್ಪು ಕೊಡುತ್ತಾರೆ. ಈ ನೆಲವನ್ನು ಅದರ ಋತುವಿನಲ್ಲಿ ನೋಡದವರ ತೀರ್ಪಿಗೆ ತೂಕವಿಲ್ಲ.

ಈಗ ಇಳುಕಲಿಗೆ ಬರೋಣ. ಇಡೀ ದಾರಿಯಲ್ಲಿ ಇಷ್ಟು ಬಿಗಿಯಾದ ಜಾಗ ಇನ್ನೊಂದಿಲ್ಲ. ಅಲ್ಲಿಯವರೆಗೂ ಕಿವಿಯಲ್ಲಿದ್ದ ತೆರೆಯ ಸದ್ದು ಗುಡ್ಡದ ಮರೆಗೆ ಸರಿಯುತ್ತದೆ. ಎದುರಿಗೆ ನದಿಯ ಬಾಯಿ ತೆರೆಯುತ್ತದೆ. ದಾರಿ ಮೊದಲ ಬಾರಿಗೆ ಕಡಲಿಗೆ ಬೆನ್ನು ಹಾಕಿ ಒಳನಾಡಿನ ಕಡೆ ತಿರುಗುತ್ತದೆ. ಚಿರೇಕಲ್ಲಿನ ಪಾಗಾರ, ತೆಂಗಿನ ತೋಟ, ಮನೆಯಂಗಳ, ಒಣಗಲು ಹಾಕಿದ ಬಲೆ. ಚಾರಣಿಗರು ಇಲ್ಲಿ ನೋಡುಗರಾಗಿ ಉಳಿಯಲಾರರು. ಬೇರೆಯವರ ಊರಿನೊಳಗೆ ಹಾದುಹೋಗುವವರಾಗುತ್ತಾರೆ, ದಾರಿ ಕೇಳಬೇಕಾಗುತ್ತದೆ. ಆಮೇಲೆ ತಾರಿ. ಆಚೆ ದಡದ ತದಡಿ ಕಣ್ಣೆದುರೇ ಇದೆ, ಆದರೂ ರಸ್ತೆ ಹಿಡಿದರೆ ಕುಮಟಾ, ಮಿರ್ಜಾನ, ಮಾದನಗೇರಿ ಸುತ್ತಿ ಹತ್ತಾರು ಕಿಲೋಮೀಟರ್. ದೋಣಿ ಎಲ್ಲರಿಗೂ ಒಂದೇ ಆದ್ದರಿಂದ ಬೆಂಗಳೂರಿನ ಬೆನ್ನುಚೀಲವೂ ಮೀನಿನ ಬುಟ್ಟಿಯೂ ಒಂದೇ ಹಲಗೆಯ ಮೇಲೆ ಕೂರುತ್ತವೆ.

ನದಿ ದಾಟುವ ಆ ಕೆಲವು ನಿಮಿಷಗಳಲ್ಲಿ ಮೂಡಣಕ್ಕೆ ಕಣ್ಣು ಹಾಯಿಸಿದರೆ ಈ ಕರಾವಳಿಯ ಅಪರೂಪದ ನೀರು ಕಾಣುತ್ತದೆ. ತೆಂಕಣದ ಶರಾವತಿಗೆ ಲಿಂಗನಮಕ್ಕಿಯಿದೆ, ಬಡಗಣದ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಇವೆ. ನಡುವಿನ ಅಘನಾಶಿನಿ ನದಿ ಶಿರಸಿಯ ಕಡೆಯಿಂದ ಹೊರಟು, ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟೊಂದೂ ಇಲ್ಲದೆ ಕಡಲು ಸೇರುತ್ತದೆ. ಮಳೆಗಾಲದ ಸಿಹಿನೀರೂ ಮೆಕ್ಕಲೂ ತಡೆಯಿಲ್ಲದೆ ಬರುವುದರಿಂದಲೇ ಈ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿ ಹುಲುಸಾಗಿದೆ. ಇಳಿತದ ಹೊತ್ತಿನಲ್ಲಿ ಸೊಂಟದ ನೀರಿನಲ್ಲಿ ನಿಂತು ಅದನ್ನು ಆರಿಸುವವರ ಬದುಕು ನಡೆದಿದೆ. ಮೇಲ್ಗಡೆ ಮಾಣಿಕಟ್ಟಾದಂಥ ಊರುಗಳ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ತದಡಿಗೆ ದೊಡ್ಡ ವಿದ್ಯುತ್ ಸ್ಥಾವರದ ಮಾತು ಬಂದಾಗ ಇದೇ ದಡದ ಜನ ಎದ್ದು ನಿಂತರು. 2024ರಲ್ಲಿ ಅಳಿವೆ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿ ಸೇರಿತು. ಗುಡ್ಡ, ನದಿ, ಕಡಲು, ದುಡಿಮೆ, ಹೋರಾಟ ಇಷ್ಟೂ ಒಂದು ದೋಣಿಯ ಅಂಚಿನಿಂದ ಒಟ್ಟಿಗೆ ಕಾಣುವ ಜಾಗವನ್ನು ನಮ್ಮ ಚಾರಣ ಬರಹಗಳು ‘ನಂತರ ದೋಣಿಯಲ್ಲಿ ನದಿ ದಾಟಿದೆವು’ ಎಂಬಂಥ ಒಂದು ಸಾಲಿನಲ್ಲಿ ಮುಗಿಸುತ್ತವೆ. ಬರೆದವರು ನದಿ ದಾಟಿದ್ದಾರೆ, ಅವರ ಮೆಚ್ಚುಗೆ ದಾಟಿಲ್ಲ.

ನನ್ನ ತಕರಾರು ಪ್ರವಾಸಿ ಲೇಖಕರೊಂದಿಗೆ ಮಾತ್ರ ಇದ್ದಿದ್ದರೆ ಇಲ್ಲಿಗೆ ನಿಲ್ಲಿಸಬಹುದಿತ್ತು. ಅವರಿಗಿಂತ ಗಂಭೀರವಾಗಿ ಬರೆಯುವ ಇನ್ನೊಂದು ಬಳಗವಿದೆ. ಚಾರಣವೇ ನೆಲಕ್ಕೆ ಹೊರೆ, ಇಂಥ ದಾರಿಗಳನ್ನು ಮುಚ್ಚುವುದೇ ಮದ್ದು ಎನ್ನುವ ಪರಿಸರ ವಿಮರ್ಶಕರು ಅವರು. ಅವರ ಕೈಯಲ್ಲಿ ಕುಮಾರಪರ್ವತದ ಉದಾಹರಣೆ ಸದಾ ಸಿದ್ಧ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಅಲ್ಲಿ ಸಾವಿರಾರು ಜನ ಸಾಲುಗಟ್ಟಿದ್ದು ನಿಜ. ಅದರ ಬೆನ್ನಿಗೆ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನು ತಡೆದದ್ದೂ ಸರಿ. ಅದು ಅಭಯಾರಣ್ಯ, ಅಲ್ಲಿ ಮನುಷ್ಯರ ಕಾಲಿಗೆ ಲೆಕ್ಕವಿರಬೇಕು. ಆದರೆ ಕಾಗಾಲದಿಂದ ತದಡಿಯ ದಾರಿ ಅಂಥದ್ದಲ್ಲ. ಮೀನಿನ ಬುಟ್ಟಿ ಹೊತ್ತವರು, ಸೊಪ್ಪು ಸೌದೆಗೆ ಹೋದವರು, ನೆಂಟರ ಮನೆಗೆ ಹೊರಟವರು ಸವೆಸಿದ ದಾರಿ ಇದು. ಎರಡಕ್ಕೂ ಒಂದೇ ಕಾನೂನು ಕೇಳುವುದು ನೆಲವನ್ನು ನೋಡದೆ ಕೊಡುವ ತೀರ್ಪು.

ಈ ದಾರಿಗೆ ನಿಜವಾದ ಅಪಾಯ ಊರವರ ಕಾಲು ತಪ್ಪುವುದರಲ್ಲಿದೆ. ಸ್ಥಳೀಯರು ನಡೆಯುವುದು ಬಿಟ್ಟ ಕಾಲುಹಾದಿಯನ್ನು ಒಂದೆರಡು ಮಳೆಗಾಲದಲ್ಲಿ ಕಂಟಿ ನುಂಗುತ್ತದೆ. ಬಳಕೆ ನಿಂತ ಹಾದಿಗೆ ಬೇಲಿ ಬಿದ್ದರೆ ಕೇಳುವವರಿರುವುದಿಲ್ಲ. ಇಂಗ್ಲೆಂಡಿನ ನೈಋತ್ಯ ಕರಾವಳಿಯ ಸಾವಿರ ಕಿಲೋಮೀಟರ್ ದಾರಿ ಹುಟ್ಟಿದ್ದು ಕಳ್ಳಸಾಗಣೆ ತಡೆಯಲು ಕಾವಲುಗಾರರು ಗಸ್ತು ತಿರುಗಿದ್ದರಿಂದ. ಅವರ ಕೆಲಸ ನಿಂತ ಮೇಲೂ ಅದು ಉಳಿದದ್ದು ಜನರ ನಡೆಯುವ ಹಕ್ಕನ್ನು ಕಾನೂನು ಕಾಪಾಡಿದ್ದರಿಂದ. ನಮ್ಮ ದಾರಿಗೆ ಬೇಕಾದದ್ದು ಅಂಥ ಮಾನ್ಯತೆ. ಬಾಗಿಲು ಮುಚ್ಚಿ ಎನ್ನುವವರೂ, ಕಬ್ಬಿಣದ ಕಟಾಂಜನ ಹಾಕಿ ನೆಲಕ್ಕೆ ಇಂಟರ್‌ಲಾಕ್ ಹಾಸಿ ‘ಅಭಿವೃದ್ಧಿ’ ಮಾಡಿ ಎನ್ನುವವರೂ ಮರೆಯುತ್ತಿರುವುದು ಒಂದನ್ನೇ: ಇದು ದುಡಿಯುವವರು ಮಾಡಿದ ದಾರಿ.

ಹಾಗಾಗಿ ನನ್ನ ತೀರ್ಪು ಇದು. ಕುಮಟಾ–ಗೋಕರ್ಣ ನಮ್ಮ ಕರಾವಳಿಯ ಶ್ರೇಷ್ಠ ನಡಿಗೆಗಳಲ್ಲಿ ಒಂದು, ಆದರೆ ಅದು ಶ್ರೇಷ್ಠವಾದದ್ದು ಗೋಕರ್ಣದಿಂದಲ್ಲ, ಅಘನಾಶಿನಿಯಿಂದ. ಚಾರಣ ನಡೆಸುವವರು ವೇಳಾಪಟ್ಟಿ ತಿರುವಿಹಾಕಲಿ. ಬೀಚಿನಿಂದ ಬೀಚಿಗೆ ಓಡಿಸುವ ಬದಲು ಇಳಿತದ ಹೊತ್ತಿಗೆ ತಾರಿ ಮುಟ್ಟುವಂತೆ ದಿನ ಕೂಡಿಸಲಿ. ಊಟ ಅಘನಾಶಿನಿಯ ಮನೆಗಳಲ್ಲಿ, ದಾರಿ ತೋರಿಸುವ ಕೂಲಿ ಆ ಊರಿನವರಿಗೆ ಎಂದು ಗೊತ್ತುಮಾಡಲಿ. ಬರೆಯುವವರು ಆ ದೋಣಿಗೆ ಒಂದು ಪುಟ ಕೊಡಲಿ. ಅಷ್ಟಾದರೆ ಈ ದಾರಿ ಮುಂದೆ ಉಳಿಯಲು ಬೇಕಾದ ಕಾರಣ ಹೊರಗಿನವರಿಗೂ ಊರವರಿಗೂ ಒಂದೇ ಆಗುತ್ತದೆ. ಅಷ್ಟಾಗದಿದ್ದರೆ ನಾಲ್ಕು ಬೀಚುಗಳ ಹೆಸರು ಉಳಿಯುತ್ತದೆ, ದಾರಿ ಉಳಿಯುವುದಿಲ್ಲ.