ಮಸಿಯ ಕಲೆಯೂ ಮನಸ್ಸಿನ ಲೆಕ್ಕವೂ

ನಮ್ಮ ಕಡೆ ಹಿಂದೆ ಮನೆಯಲ್ಲಿ ಒಡವೆ ಕಳೆದರೆ ಅಂಜನ ಹಾಕಿಸುತ್ತಿದ್ದರು. ವೀಳ್ಯದೆಲೆಗೆ ಕಪ್ಪು ಬಳಿದು, ಮಗುವೊಂದನ್ನು ಎದುರಿಗೆ ಕೂರಿಸಿ, "ಏನು ಕಾಣುತ್ತೆ ಹೇಳು ಮಗಾ" ಎಂದು ಕೇಳುವುದು. ಮಗು ಕಂಡದ್ದನ್ನೋ ಕಾಣದ್ದನ್ನೋ ಹೇಳುತ್ತಿತ್ತು. ಅದಕ್ಕೆ ಅರ್ಥ ಕಟ್ಟುತ್ತಿದ್ದವನು ಅಂಜನದವನು. ಒಡವೆ ಸಿಕ್ಕುತ್ತಿತ್ತೋ ಇಲ್ಲವೋ, ಮನೆಗೆಲಸದ ಬಡವಿಯ ತಲೆಗೆ ಅಪವಾದವಂತೂ ಬರುತ್ತಿತ್ತು.

ಈಗ ಅಂಜನದವರು ಅಪರೂಪ. ಆದರೆ ಮಸಿಯ ಕಲೆ ತೋರಿಸಿ "ಇದು ಏನಿರಬಹುದು?" ಎಂದು ಕೇಳುವ ಇನ್ನೊಂದು ಪದ್ಧತಿ ಓದಿದವರ ನಡುವೆಯೇ ಇದೆ. ಅದರ ಹೆಸರು ರೋರ್ಶಾಕ್ ಪರೀಕ್ಷೆ. ಎರಡೂ ಒಂದೇ ಎಂದರೆ ಅನ್ಯಾಯವಾದೀತು. ಬೇರೆ ಬೇರೆ ಎಂದು ಕಣ್ಣು ಮುಚ್ಚಿ ನಂಬಿದರೂ ಅನ್ಯಾಯವೇ. ಹಾಗಾಗಿ ಅದನ್ನು ಸ್ವಲ್ಪ ಬಿಡಿಸಿ ನೋಡೋಣ ಎನಿಸಿತು.

ಹರ್ಮನ್ ರೋರ್ಶಾಕ್ ಸ್ವಿಟ್ಜರ್ಲೆಂಡಿನ ಮನೋವೈದ್ಯ. ಕಾಗದದ ಮೇಲೆ ಮಸಿ ಚೆಲ್ಲಿ, ನಡುವೆ ಮಡಿಸಿ, ಮೂಡಿದ ಆಕಾರ ನೋಡಿ ನಗುವ ಆಟ ಅಲ್ಲಿನ ಮಕ್ಕಳಲ್ಲಿ ಇತ್ತು. ಶಾಲೆಯಲ್ಲಿ ಇವನಿಗೆ ಇದ್ದ ಅಡ್ಡಹೆಸರೂ 'ಮಸಿಕಲೆ' ಎಂಬ ಅರ್ಥದ್ದೇ! ಮುಂದೆ ಅವನು 400ಕ್ಕೂ ಹೆಚ್ಚು ಮಂದಿಗೆ, ಅಂದರೆ ರೋಗಿಗಳಿಗೂ ಆರೋಗ್ಯವಂತರಿಗೂ, ಇಂಥ ಕಲೆಗಳನ್ನು ತೋರಿಸಿ, ಉತ್ತರಗಳನ್ನು ಹೋಲಿಸಿ 1921ರಲ್ಲಿ ಪುಸ್ತಕ ಬರೆದ. ಮರುವರ್ಷವೇ, 37ನೇ ವಯಸ್ಸಿಗೆ, ತೀರಿಕೊಂಡ. ಕೂಸು ಹುಟ್ಟಿತು, ಸಾಕುವ ತಂದೆ ಇಲ್ಲವಾದ. ಆಮೇಲೆ ಆ ಕೂಸನ್ನು ಒಬ್ಬೊಬ್ಬರು ಒಂದೊಂದು ರೀತಿ ಬೆಳೆಸಿದರು.

ಕಾರ್ಡುಗಳು ಹತ್ತು. ಐದು ಬರೀ ಕಪ್ಪು-ಬೂದು, ಎರಡರಲ್ಲಿ ಕೆಂಪೂ ಸೇರಿದೆ, ಮೂರು ಬಣ್ಣಬಣ್ಣದವು. ಮೊದಲ ಸುತ್ತಿನಲ್ಲಿ ಏನು ಕಂಡಿತೆಂದು ಕೇಳುತ್ತಾರೆ. ಎರಡನೆಯ ಸುತ್ತಿನಲ್ಲಿ ಎಲ್ಲಿ ಕಂಡಿತು, ಯಾವುದರಿಂದ ಹಾಗೆ ಅನಿಸಿತು ಎಂದು ಕೇಳುತ್ತಾರೆ. ಚಿಟ್ಟೆ ಕಂಡರೆ ಒಳ್ಳೆಯವಳು, ಚೇಳು ಕಂಡರೆ ಕೆಟ್ಟವಳು ಎಂಬ ಸುಲಭದ ಲೆಕ್ಕ ಅಲ್ಲಿಲ್ಲ. ಇಡೀ ಕಲೆಯನ್ನು ನೋಡಿದಳೋ ಮೂಲೆಯನ್ನೋ, ಆಕಾರಕ್ಕೆ ಉತ್ತರ ಹೊಂದುತ್ತದೋ ಇಲ್ಲವೋ, ಬಣ್ಣ ಸೆಳೆಯಿತೋ, ಚಲನೆ ಕಂಡಿತೋ ಎಂದು ಅಂಕ ಹಾಕಬೇಕು. 1974ರಲ್ಲಿ ಅಮೆರಿಕದ ಜಾನ್ ಎಕ್ಸ್‌ನರ್ ಈ ಅಂಕಗಳಿಗೆ ಒಂದು ಕಟ್ಟುನಿಟ್ಟು ತಂದ. ನಮ್ಮ ದೇಶದಲ್ಲೂ ಕ್ಲಿನಿಕಲ್ ಸೈಕಾಲಜಿ ಕಲಿಯುವವರು ಇದನ್ನು ಅಭ್ಯಾಸ ಮಾಡುತ್ತಾರೆ.

ಹಾಗಾದರೆ ತೊಂದರೆ ಏನು? ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನೋಡಿದವರಿಗೆ ಹೇಳುವುದು ಸುಲಭ. ರೀಲರ್ ಜಾಲರಿಯ ಗೂಡಿನೊಳಗೆ ಕೈಯಾಡಿಸಿ, ಹಿಸುಕಿ ನೋಡಿ, ಬೆಲೆ ಹೇಳುತ್ತಾನೆ. ಒಂದೇ ರಾಶಿಗೆ ಇಬ್ಬರು ಅನುಭವಿಗಳು ಹೆಚ್ಚುಕಡಿಮೆ ಒಂದೇ ಬೆಲೆ ಹೇಳಿದರೆ ಅವರ ಕೈ ಸ್ಥಿರವಾಗಿದೆ ಎನ್ನಬಹುದು. ಆದರೆ ಆ ಬೆಲೆ ಸರಿಯೋ ತಪ್ಪೋ ತಿಳಿಯುವುದು ಗೂಡು ಬಿಚ್ಚಿ ನೂಲು ತೂಗಿದಾಗ. ಪರೀಕ್ಷೆಗೂ ಇವೇ ಎರಡು ಪ್ರಶ್ನೆ. ಇಬ್ಬರು ಅಂಕ ಹಾಕಿದರೆ ಒಂದೇ ಬರುತ್ತದೆಯೆ? ಬಂದ ಅಂಕ ಬದುಕಿನಲ್ಲಿ ನಿಜವಾಗುತ್ತದೆಯೆ? ಚೆನ್ನಾಗಿ ತರಬೇತಾದವರ ಕೈಯಲ್ಲಿ ಮೊದಲನೆಯದು ಬಹುಮಟ್ಟಿಗೆ ದಾಟುತ್ತದೆ. ಎಡವುವುದು ಎರಡನೆಯದರಲ್ಲಿ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗಿನಲ್ಲಿ ಸೆರೆಯಿದ್ದ ನಾಜಿ ಮುಖಂಡರಿಗೂ ಈ ಕಾರ್ಡು ತೋರಿಸಿದ್ದರು. 1976ರಲ್ಲಿ ಮಾಲಿ ಹ್ಯಾರೋವರ್ ಎಂಬ ಮನೋವಿಜ್ಞಾನಿ ಆ ಉತ್ತರಗಳನ್ನು ಹೆಸರು ಮರೆಮಾಡಿ, ಬೇರೆಯವರ ಉತ್ತರಗಳ ಜೊತೆ ಬೆರೆಸಿ ತಜ್ಞರ ಮುಂದಿಟ್ಟರು. ನಾಜಿಗಳು ಯಾರೆಂದು ತಜ್ಞರಿಗೆ ಬೇರ್ಪಡಿಸಲು ಆಗಲಿಲ್ಲ. 1999ರಲ್ಲಿ ಕ್ಯಾಲಿಫೋರ್ನಿಯಾದ 123 ಮಂದಿ ಆರೋಗ್ಯವಂತರನ್ನು ಪರೀಕ್ಷಿಸಿದಾಗ, ಅಂದಿನ ಮಾನದಂಡದ ಪ್ರಕಾರ ಅವರಲ್ಲಿ ಎಷ್ಟೋ ಜನ ಮನಸ್ಸು ಕೆಟ್ಟವರಂತೆ ಕಂಡರು. ಅಮೆರಿಕದವರ ಕಥೆಯೇ ಹೀಗಾದರೆ, ಗುಡಿಬಂಡೆಯ ಹೆಣ್ಣುಮಗಳು ಕಲೆಯಲ್ಲಿ ಬೀಸುಕಲ್ಲು ಕಂಡೆ ಎಂದರೆ ಯಾರ ಅಳತೆಗೋಲಿನಿಂದ ಅಳೆಯುವುದು?

ಪರೀಕ್ಷೆಗೆ ಸಲ್ಲುವ ಮರ್ಯಾದೆಯನ್ನೂ ಸಲ್ಲಿಸಬೇಕು. 2013ರಲ್ಲಿ ಹಿಂದಿನ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದಾಗ, ಯೋಚನೆಯ ಎಳೆ ತಪ್ಪುವುದು, ಇದ್ದದ್ದನ್ನು ಇದ್ದಂತೆ ಗ್ರಹಿಸಲಾಗದಿರುವುದು ಇಂಥವನ್ನು ಗುರುತಿಸುವ ಅಂಕಗಳಿಗೆ ಒಳ್ಳೆಯ ಆಧಾರ ಸಿಕ್ಕಿತು. ಕಡುವಿಮರ್ಶಕರೂ ಅಷ್ಟನ್ನು ಒಪ್ಪಿದರು. ಆದರೆ ಸ್ವಭಾವ, ಭಾವನೆಗಳ ಬಗ್ಗೆ ಹೇಳುವ ಹಲವು ಅಂಕಗಳಿಗೆ ಆಧಾರ ತೆಳುವಾಗಿತ್ತು, ಕೆಲವಕ್ಕೆ ಇರಲೇ ಇಲ್ಲ. ಅಂದರೆ ತೀವ್ರವಾದ ಮನೋರೋಗದ ಅನುಮಾನವಿದ್ದಾಗ ನುರಿತವರ ಕೈಯಲ್ಲಿ ಇದೊಂದು ಪೂರಕ ಸಾಧನ. "ಈಕೆಗೆ ಗಂಡನ ಮೇಲೆ ಪ್ರೀತಿ ಇಲ್ಲ" ಎಂದು ಹೇಳುವ ಶಕ್ತಿ ಅದಕ್ಕಿಲ್ಲ.

ಈ ಮಾತು ಸುಮ್ಮನೆ ಬರೆದದ್ದಲ್ಲ. ಚಿಂತಾಮಣಿಯ ನಮ್ಮ ನೆಂಟರ ಹುಡುಗಿಯೊಬ್ಬಳ ಬಗ್ಗೆ ಸರಿಸುಮಾರು ಇದೇ ಮಾತು ಎರಡು ಪುಟದ ವರದಿಯಲ್ಲಿ ಬಂದಿತ್ತು. ಹೆರಿಗೆಯಾಗಿ ನಾಲ್ಕು ತಿಂಗಳು. ನಿದ್ದೆ ಇಲ್ಲ, ಸುಮ್ಮಸುಮ್ಮನೆ ಅಳು. ಗಂಡನ ಮನೆಯವರು ಬೆಂಗಳೂರಿನ ಯಾವುದೋ ಸಲಹಾ ಕೇಂದ್ರಕ್ಕೆ ಕರೆದೊಯ್ದು ಕಾರ್ಡು ತೋರಿಸಿಕೊಂಡು ಬಂದರು. ನಿದ್ದೆಯ ಬಗ್ಗೆ, ಬಾಣಂತನದ ಬಗ್ಗೆ ಯಾರೂ ಕೇಳಲಿಲ್ಲ. "ದೊಡ್ಡಮ್ಮಾ, ಏನು ಕಂಡಿತೋ ಅದನ್ನೇ ಹೇಳಿದೆ. ಅದೇ ತಪ್ಪಾಯ್ತಾ?" ಎಂದಳು. ವರದಿ ಹಿಡಿದು ಹಿರಿಯರು ಪಂಚಾಯಿತಿಗೆ ಕೂತರು. ತವರಿಗೆ ಕಳಿಸುವ ಮಾತು, ವಕೀಲರ ಮಾತು ಎಲ್ಲ ಆಯಿತು. ಕೊನೆಗೆ ಅವಳ ತಾಯಿ ಹಟ ಹಿಡಿದು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದೊಯ್ದಳು. ಅವರು ಯಾವ ಕಾರ್ಡನ್ನೂ ತೆಗೆಯಲಿಲ್ಲ, ಕೂರಿಸಿ ಮಾತನಾಡಿಸಿದರು. ಹೆರಿಗೆಯ ನಂತರ ಬರುವ ಖಿನ್ನತೆ ಎಂದರು. ಔಷಧಿ, ನಿದ್ದೆ, ಮಗು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ ಇಷ್ಟರಲ್ಲಿ ಕೆಲವು ತಿಂಗಳಿಗೆ ಗೆಲುವಾದಳು. ಆ ವರದಿ ಮಾತ್ರ ಇಂದಿಗೂ ಅವಳ ಅತ್ತೆಯ ಬೀರುವಿನಲ್ಲಿದೆ.

ಇಂಥ ಕಾಗದ ಹಿಡಿದು ಹೆದರಿಸುವವರಿಗೆ ಕಾನೂನು ಏನೆನ್ನುತ್ತದೆ? ಹಿಂದೂ ವಿವಾಹ ಕಾಯಿದೆಯಲ್ಲಿ ಮಾನಸಿಕ ಅಸ್ವಸ್ಥತೆ ವಿಚ್ಛೇದನಕ್ಕೆ ಒಂದು ಕಾರಣ, ನಿಜ. ಆದರೆ ರೋಗದ ಹೆಸರು ಹೇಳಿದರಷ್ಟೇ ಸಾಲದು, ಜೊತೆಗೆ ಬಾಳಲು ಆಗದಷ್ಟು ತೀವ್ರವಾಗಿರಬೇಕು ಎಂದು ಸುಪ್ರೀಂ ಕೋರ್ಟು 1988ರಲ್ಲಿ, ರಾಮ್ ನಾರಾಯಣ ಗುಪ್ತ ಮತ್ತು ರಾಮೇಶ್ವರಿ ಗುಪ್ತ ಪ್ರಕರಣದಲ್ಲಿ, ತೀರ್ಪು ಕೊಟ್ಟಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಮನೋರೋಗವನ್ನು ನಿರ್ಧರಿಸುವುದು ಒಪ್ಪಿತ ವೈದ್ಯಕೀಯ ಮಾನದಂಡದಿಂದ. ರೋಗವಿದೆ ಎಂದ ಮಾತ್ರಕ್ಕೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದಾಗುವುದಿಲ್ಲ. ಹಾಗೆನ್ನಲು ನ್ಯಾಯಾಲಯವೇ ಬೇಕು.

ಡಾ. ಎಚ್. ನರಸಿಂಹಯ್ಯನವರು ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸಲು ಸಮಿತಿಯನ್ನೇ ಮಾಡಿದರು. ಅವರು ಕಲಿಸಿಹೋದ ಪ್ರಶ್ನೆ ಕೇಳುವ ಗುಣ ಬೂದಿ, ಅಂಜನಗಳಿಗಷ್ಟೇ ಸೀಮಿತವಾಗಬೇಕಿಲ್ಲ. ಟೈಪು ಮಾಡಿದ ವರದಿಗೂ ಅದು ಸಲ್ಲುತ್ತದೆ. ಪರೀಕ್ಷೆ ಮಾಡಿದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೆ? ಇದೊಂದನ್ನೇ ನೋಡಿ ತೀರ್ಮಾನಿಸಿದರೋ, ಮನೆಯವರ ಜೊತೆ ಮಾತನಾಡಿ ಉಳಿದದ್ದನ್ನೂ ನೋಡಿದರೋ? ಈ ವರದಿ ಯಾರ ಒಳ್ಳೆಯದಕ್ಕೆ, ಚಿಕಿತ್ಸೆಗೋ ಜಗಳಕ್ಕೋ? ಕೇಳಲು ಸಂಕೋಚ ಬೇಡ. ದುಡ್ಡು ಕೊಟ್ಟು ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುವವರಲ್ಲವೆ ನಾವು!

ಮನಸ್ಸು ಭಾರವಾದಾಗ ಕೇಳುವ ಕಿವಿಯೂ ಇದೆ. 14416 ಎಂಬ ಟೆಲಿ ಮಾನಸ್ ಸಂಖ್ಯೆ 2022ರಿಂದ ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಮಸಿ ಯಾವ ಆಕಾರದಲ್ಲಾದರೂ ಹರಡಲಿ, ನೊಂದವಳು ತನ್ನ ನೋವನ್ನು ತನ್ನ ಬಾಯಿಂದ ಹೇಳುತ್ತಿರುವಾಗ ಮೊದಲು ಅದನ್ನು ಕೇಳಬೇಕು. ಕಾರ್ಡು ಬೇಕಾದರೆ ಆಮೇಲೆ ನೋಡಿದರಾಯಿತು.